ಸೇನೆಯಿಂದ ನಿವೃತ್ತವಾದ ಪಿಕಪ್ಪು, ನಿಗಮದಿಂದ ನಿವೃತ್ತರಾದ ಚಿಕ್ಕಪ್ಪ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಿಂದ ಯೂಟಾ ರಾಜ್ಯದ ಮೋಆಬ್‌ಗೆ ಐ-70 ಹೆದ್ದಾರಿ ಹಿಡಿದರೆ ಆರು ಗಂಟೆಯ ದಾರಿ. ನಮಗೆ ನಾಲ್ಕು ದಿನ ಬೇಕಾಯಿತು. ಸ್ವಲ್ಪ ತಪ್ಪು ನನ್ನ 1984ರ ಡೀಸೆಲ್ ಪಿಕಪ್ಪಿನದು, ಸ್ವಲ್ಪ ಅದರ ಬೆನ್ನಿಗೆ ಕಟ್ಟಿದ್ದ ಹದಿನಾರು ಅಡಿಯ ಕ್ಯಾಂಪರ್‌ನದು, ಅಂದರೆ ಎಳೆದೊಯ್ಯುವ ಪುಟ್ಟ ಮನೆ-ಗಾಡಿಯದು. ಉಳಿದದ್ದು ಪಕ್ಕದ ಸೀಟಿನಲ್ಲಿ ಕುಳಿತಿದ್ದ ಚಿಕ್ಕಪ್ಪನದು.

ಪಿಕಪ್ಪಿನ ಹೆಸರು ಎಂ1008. ಎಂಬತ್ತರ ದಶಕದಲ್ಲಿ ಅಮೆರಿಕದ ಸೇನೆ ಹೊಸ ಗಾಡಿಯೊಂದನ್ನು ಮೊದಲಿನಿಂದ ವಿನ್ಯಾಸ ಮಾಡಿಸುವ ಗೋಜಿಗೆ ಹೋಗದೆ, ಮಾರುಕಟ್ಟೆಯಲ್ಲಿದ್ದ ಷೆವರ್ಲೆಗೇ ಗಟ್ಟಿ ಆಕ್ಸಲ್, 6.2 ಲೀಟರಿನ ವಿ8 ಡೀಸೆಲ್ ಎಂಜಿನ್ ಮತ್ತು 24 ವೋಲ್ಟಿನ ಸೆಲ್ಫ್ ಹಾಕಿಸಿ ಕೆಲಸಕ್ಕೆ ಇಟ್ಟುಕೊಂಡಿತು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಎ.ಸಿ. ಇಲ್ಲ. ಅಷ್ಟು ದೊಡ್ಡ ಎಂಜಿನ್ ಕೊಡುವುದು ಬರೀ 135 ಅಶ್ವಶಕ್ತಿ. ಗೇರು ಮೂರೇ, ಅದೂ ಆಟೊಮ್ಯಾಟಿಕ್. ಗಂಟೆಗೆ 88 ಕಿ.ಮೀ. ದಾಟಿದರೆ ಒಳಗೆ ಕುಳಿತವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುವುದಿಲ್ಲ. ಸೇನೆ ಹರಾಜು ಹಾಕಿದ ಮೇಲೆ ಒಬ್ಬ ರೈತರ ಹೊಲದಲ್ಲಿ ಬಹುಕಾಲ ದುಡಿದು, ನಾಲ್ಕು ವರ್ಷಗಳ ಹಿಂದೆ ನನ್ನ ಅಂಗಳಕ್ಕೆ ಬಂತು. ರೈಫಲ್ ನಿಲ್ಲಿಸುವ ಕೊಕ್ಕೆ ಇನ್ನೂ ಇದೆ. ಅದರಲ್ಲಿ ನನ್ನ ಹೆಂಡತಿ ಕೊಡೆ ಇಡುತ್ತಾಳೆ.

ಚಿಕ್ಕಪ್ಪ ಇಪ್ಪತ್ತೇಳು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದವರು. ಹೆಚ್ಚಿನ ಕಾಲ ಹಾಸನ–ಮಂಗಳೂರು, ಶಿರಾಡಿ ಘಾಟಿಯ ದಾರಿ. ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದವರು ಎರಡನೇ ವಾರಕ್ಕೇ ಬೇಸತ್ತಿದ್ದರು. ಮಾಲ್, ಮ್ಯೂಸಿಯಂ, ದೇವಸ್ಥಾನ ಎಲ್ಲ ತೋರಿಸಿದ್ದಾಯಿತು. ಅವರು ತಾವಾಗಿಯೇ ಎದ್ದುಹೋಗಿ ನೋಡಿದ್ದು ಅಂಗಳದ ಪಿಕಪ್ಪನ್ನು ಮಾತ್ರ. ಬಾನೆಟ್ ತೆಗೆಸಿ ಹತ್ತು ನಿಮಿಷ ಮೌನವಾಗಿ ನಿಂತು, "ಇದರಲ್ಲಿ ಕೈ ಹಾಕಲು ಜಾಗವಿದೆ" ಎಂದರು. ಸೆಪ್ಟೆಂಬರ್ ಕೊನೆಯ ವಾರ ಹೊರಟೆವು.

ಮೊದಲ ದಿನ: ಬ್ಯೂನಾ ವಿಸ್ಟಾದವರೆಗೆ

ಐ-70ರಲ್ಲಿ ಐಸೆನ್‌ಹೋವರ್ ಸುರಂಗಕ್ಕೆ ಹತ್ತುವ ಏರಿನಲ್ಲಿ ಎಲ್ಲರೂ ನೂರರ ಮೇಲೆ ಓಡುತ್ತಿರುವಾಗ ನಾವು ನಲವತ್ತರಲ್ಲಿ ತೆವಳುವುದು ಅಪಾಯ. ಹಾಗಾಗಿ 285ನೇ ರಸ್ತೆ ಹಿಡಿದೆವು. ಅಲ್ಲೂ ಏರು ತಪ್ಪಲಿಲ್ಲ, ಆದರೆ ಪಕ್ಕಕ್ಕೆ ಸರಿದು ದಾರಿ ಬಿಡಲು ಆಗಾಗ ಜಾಗ ಸಿಗುತ್ತದೆ. ಹಿಂದೆ ನಾಲ್ಕೈದು ಕಾರು ಸೇರಿದೊಡನೆ ಚಿಕ್ಕಪ್ಪ ಕನ್ನಡಿ ನೋಡಿ "ಬಿಡು, ಹೋಗಲಿ" ಎನ್ನುತ್ತಿದ್ದರು. ಇಲ್ಲಿ ಚಾಲಕನ ಪಕ್ಕದ ಸೀಟು ಬಲಗಡೆ ಇರುತ್ತದೆ. ಎಂದರೆ ಊರಿನಲ್ಲಿ ಅವರು ಇಪ್ಪತ್ತೇಳು ವರ್ಷ ಕುಳಿತ ಜಾಗ. ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲದ ರಬ್ಬರ್ ಹಾಸನ್ನು ಒತ್ತುತ್ತಿತ್ತು. ಸಂಜೆಯ ಹೊತ್ತಿಗೆ ನೋಡಿದೆ: ಹಾಸು ಅಲ್ಲಿ ಸರಿದು ಮುದ್ದೆಯಾಗಿತ್ತು.

ಬೇಲಿ ಎಂಬ ಊರಿಗೆ ಇಳಿಯುವ ಕಡಿದಾದ ಇಳಿಜಾರಿನಲ್ಲಿ ಕ್ಯಾಂಪರ್ ಬಾಲ ಅಲ್ಲಾಡಿಸತೊಡಗಿತು. ಮೊದಲು ಸಣ್ಣಗೆ, ಆಮೇಲೆ ಎಮ್ಮೆ ನೊಣ ಓಡಿಸುವ ಹಾಗೆ. ಚಿಕ್ಕಪ್ಪ ಮಾತಾಡಲಿಲ್ಲ, ಕೊಡೆಯ ಕೊಕ್ಕೆ ಹಿಡಿದುಕೊಂಡರು. ಕಾಲಿನ ಬ್ರೇಕ್ ಮುಟ್ಟದೆ, ಕ್ಯಾಂಪರ್‌ನ ಬ್ರೇಕನ್ನಷ್ಟೇ ಕೈಯಿಂದ ಮೆಲ್ಲಗೆ ಒತ್ತಿದಾಗ ನೆಟ್ಟಗಾಯಿತು. ನಿಲ್ಲಿಸಿ ನೋಡಿದರೆ, ಹತ್ತು ಕಿಲೋ ಅಕ್ಕಿ, ಎರಡು ದೊಡ್ಡ ನೀರಿನ ಕ್ಯಾನು, ರುಬ್ಬುವ ಯಂತ್ರ ಎಲ್ಲವೂ ಕ್ಯಾಂಪರ್‌ನ ಹಿಂಬದಿಯಲ್ಲಿ. ತುಂಬಿಸಿದವನು ನಾನೇ. ಎಳೆಯುವ ಗಾಡಿಯ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಕೊಂಡಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ಬಾಲ ಕುಣಿಯುತ್ತದೆ. ಎಲ್ಲವನ್ನೂ ಗಾಲಿಗಿಂತ ಮುಂದಕ್ಕೆ ಸಾಗಿಸಿದೆವು. "ಎತ್ತಿನ ಗಾಡಿಗೆ ಹುಲ್ಲು ಹೇರಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ" ಎಂದರು ಚಿಕ್ಕಪ್ಪ. ನಾನು ಹೇರಿದವನಲ್ಲ, ಎಂಜಿನಿಯರಿಂಗ್ ಓದಿದವನು.

ಬೆಟ್ಟಸಾಲನ್ನು ರಸ್ತೆ ದಾಟುವ ಜಾಗವಾದ ಕೆನೋಷಾ ಪಾಸ್ ಸರಿಯಾಗಿ ಹತ್ತು ಸಾವಿರ ಅಡಿ, ಅಂದರೆ 3,048 ಮೀಟರ್. ಹತ್ತುತ್ತಾ ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡಿತು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇಕಡಾ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪಂಪು ಮಾತ್ರ ಕೆಳಗೆ ಕೊಟ್ಟಷ್ಟೇ ಡೀಸೆಲ್ ಕೊಡುತ್ತಲೇ ಇರುತ್ತದೆ. ಅದನ್ನು ಉರಿಸಲು ಸಾಲುವಷ್ಟು ಗಾಳಿ ಇರುವುದಿಲ್ಲ. ಪೆಡಲನ್ನು ಇನ್ನಷ್ಟು ಒತ್ತಿದರೆ ಹೊಗೆ ಹೆಚ್ಚುತ್ತದೆಯೇ ಹೊರತು ವೇಗವಲ್ಲ. ಕಾಲು ಸ್ವಲ್ಪ ಎತ್ತಿದೆ. ವೇಗ ಅಷ್ಟೇ ಇತ್ತು, ಹೊಗೆ ನಿಂತಿತು.

ಪಾಸ್ ದಾಟಿದೊಡನೆ ರಸ್ತೆ ಕೆಳಗಿಳಿಯುವ ಮುನ್ನ ಸೌತ್ ಪಾರ್ಕ್ ಎಂಬ ಬಯಲು ಒಮ್ಮೆಲೇ ತೆರೆದುಕೊಳ್ಳುತ್ತದೆ. ಸುತ್ತ ಹಿಮದ ಗೆರೆ ಎಳೆದ ಬೆಟ್ಟಗಳು, ನಡುವೆ ಮರವೇ ಇಲ್ಲದ ಹೊಂಬಣ್ಣದ ಹುಲ್ಲು. ಚಿಕ್ಕಪ್ಪ ನೋಡಿದರು. "ಇಷ್ಟು ಜಾಗವಿದ್ದೂ ಒಬ್ಬನೂ ರಾಗಿ ಹಾಕಿಲ್ಲವಲ್ಲ" ಎಂದರು.

ಫೇರ್‌ಪ್ಲೇಯಲ್ಲಿ ಡೀಸೆಲ್ ಹಾಕಿಸಲು ನಿಂತೆವು. ಲಾರಿಗಳ ಸಾಲಿಗೆ ಹೋಗಬೇಡಿ. ಅಲ್ಲಿನ ದಪ್ಪ ಕೊಳವೆ ಪಿಕಪ್ಪಿನ ಟ್ಯಾಂಕಿನ ಬಾಯಿಗೆ ಹಿಡಿಸುವುದಿಲ್ಲ. ನಾನು ಅಲ್ಲಿ ಹೋಗಿ, ಹಿಂದೆ ಬರಲಾಗದೆ, ಇಡೀ ಬಂಕನ್ನು ಒಂದು ಸುತ್ತು ಹಾಕಿ ಬಂದೆ. ಚಿಕ್ಕಪ್ಪ ಅಂಗಿಯ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಓಡಿದ ಮೈಲಿಯನ್ನೂ ಹಾಕಿಸಿದ ಗ್ಯಾಲನ್ನನ್ನೂ ಬರೆದುಕೊಂಡರು. ಆಗ ಅರುವತ್ತು ದಾಟಿದ ಒಬ್ಬರು ತಮ್ಮ ಕಾರು ಬಿಟ್ಟು ನಮ್ಮ ಬಳಿ ಬಂದರು. "ಜರ್ಮನಿಯಲ್ಲಿ ಎರಡು ವರ್ಷ ಇದನ್ನೇ ಓಡಿಸಿದ್ದೆ. ಬಾನೆಟ್ ತೆಗೆಯುತ್ತೀರಾ?" ಎಂದರು. ತೆಗೆದೆ. ಒಳಗೆ ಬಗ್ಗಿ, ಎಂಜಿನ್ ಹಿಂದಿನ ಗೋಡೆಯ ಮೇಲಿದ್ದ ಒಂದು ಸಣ್ಣ ಡಬ್ಬಿಯನ್ನು ಬೆರಳಿನಿಂದ ತಟ್ಟಿದರು. "ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ ಕಾಯಿಸುವ ಹೀಟರ್ ಪ್ಲಗ್‌ಗಳಿಗೆ ಕರೆಂಟು ಬಿಡುವ ರಿಲೇ. ಹಳೆಯದನ್ನೇ ಇಟ್ಟುಕೊಂಡಿದ್ದೀರಿ. ಚಳಿಯಲ್ಲಿ ಇದು ಕೈ ಕೊಡುತ್ತದೆ." ನಾನು ವಂದಿಸಿದೆ. ಮನಸ್ಸಿನಲ್ಲಿ, ನಾಲ್ಕು ವರ್ಷ ಕೊಡದಿದ್ದದ್ದು ನಾಳೆಯೇ ಕೊಡುತ್ತದೆಯೇ ಎಂದುಕೊಂಡೆ.

ಬ್ಯೂನಾ ವಿಸ್ಟಾದ ಹತ್ತಿರ, ಪ್ರಿನ್ಸ್‌ಟನ್ ಶಿಖರ ಎದುರಿಗೆ ಕಾಣುವ ಕ್ಯಾಂಪಿನಲ್ಲಿ ಕ್ಯಾಂಪರನ್ನು ಹಿಮ್ಮುಖವಾಗಿ ಒಳಗೆ ಹಾಕಬೇಕಿತ್ತು. ಚಿಕ್ಕಪ್ಪ ಇಳಿದು ಹಿಂದೆ ನಿಂತರು. "ರೈಟ್... ರೈಟ್..." ಎಂದು ಕೂಗಿದರು. ನಾನು ಬಲಕ್ಕೆ ತಿರುಗಿಸಿದೆ. "ರೈಟ್, ರೈಟ್!" ಇನ್ನಷ್ಟು ತಿರುಗಿಸಿದೆ. ಆಮೇಲೆ "ಹೋಲ್ಡಾನ್!" ಎಂದು ಹಾಸನದ ಬಸ್ ನಿಲ್ದಾಣದಲ್ಲೆಲ್ಲ ಕೇಳಿಸುವಂತೆ ಕೂಗಿದರು. ಅಷ್ಟರಲ್ಲಿ ಕ್ಯಾಂಪರ್‌ನ ಮೂಲೆ ಮರದ ಊಟದ ಮೇಜನ್ನು ಮುಟ್ಟಿ, ಹಿಂದಿನ ದೀಪದ ಗಾಜು ಸದ್ದು ಮಾಡಿ ಬಿದ್ದಿತ್ತು. ಹುಟ್ಟಿದಾಗಿನಿಂದ ಕಂಡಕ್ಟರುಗಳ ಬಾಯಲ್ಲಿ ಕೇಳಿದ ‘ರೈಟ್’ ಎಂದರೆ ‘ಸರಿ, ಬರಲಿ’ ಎಂದು. ಹದಿನಾಲ್ಕು ವರ್ಷ ಅಮೆರಿಕದಲ್ಲಿದ್ದ ನನ್ನ ಕಿವಿ ಅದನ್ನು ಬಲಗಡೆ ಎಂದು ಕೇಳಿಸಿಕೊಂಡಿತ್ತು. ಪಕ್ಕದ ಜಾಗದ ದಂಪತಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ದೀಪಕ್ಕೆ ಅಂಟಿಸಲು ಕೆಂಪು ಟೇಪನ್ನೂ ಅವರೇ ಕೊಟ್ಟರು. ರಾತ್ರಿ ಪುಳಿಯೋಗರೆ, ಮನೆಯಿಂದ ತಂದದ್ದು.

ಎರಡನೇ ದಿನ: ಮೊನಾರ್ಕ್ ದಾಟಿ ಬ್ಲೂ ಮೇಸಾಗೆ

ಪೊಂಚಾ ಸ್ಪ್ರಿಂಗ್ಸ್‌ನಿಂದ ಮೊನಾರ್ಕ್ ಪಾಸ್‌ವರೆಗೆ ಸುಮಾರು ಮೂವತ್ತು ಕಿಲೋಮೀಟರ್. ಅಷ್ಟರಲ್ಲಿ ಸಾವಿರದ ಇನ್ನೂರು ಮೀಟರ್‌ನಷ್ಟು ಹತ್ತಬೇಕು. ತುದಿ 3,448 ಮೀಟರ್‌ನಲ್ಲಿದೆ. ಇಡೀ ಪ್ರವಾಸದಲ್ಲಿ ನನಗೆ ಭಯವಿದ್ದದ್ದು ಇದೊಂದರ ಬಗ್ಗೆ. ಎರಡನೇ ಗೇರಿಗೆ ಹಾಕಿದವನು ತುದಿಯವರೆಗೂ ತೆಗೆಯಲಿಲ್ಲ. ವೇಗ ಗಂಟೆಗೆ 45, ಕೆಲವು ಕಡೆ 35. ನಾನೇ ಕೂರಿಸಿದ್ದ ಶಾಖದ ಮೀಟರಿನ ಮುಳ್ಳು ಏರತೊಡಗಿದಾಗ, ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿ, ತಮ್ಮ ಕಡೆಯ ಗಾಜು ಇಳಿಸಿದರು. ಎಂಜಿನ್ನಿನ ಬಿಸಿ ನಮ್ಮ ಮೊಣಕಾಲಿಗೆ ಬಂತು, ಮುಳ್ಳು ನಿಂತಿತು. ಹೊರಗೆ ನಾಲ್ಕು ಡಿಗ್ರಿ, ಮೇಲುಗಡೆ ಸಾಸಿವೆ ಗಾತ್ರದ ಆಲಿಕಲ್ಲು, ಒಳಗೆ ಇಬ್ಬರೂ ಬೆವರುತ್ತಿದ್ದೆವು.

ತುದಿಯಲ್ಲಿ ಒಂದು ಫಲಕ: ಇತ್ತ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಅತ್ತ ಬಿದ್ದದ್ದು ಪೆಸಿಫಿಕ್‌ಗೆ. ನಾನು ಸ್ವಲ್ಪ ಭಾವುಕನಾಗಿ ಅರ್ಥ ಹೇಳಿದೆ. "ನಮ್ಮ ಬಿಸಿಲೆ ಹತ್ತಿರವೂ ಇಂಥದೇ ಕಲ್ಲಿದೆ" ಎಂದರು ಚಿಕ್ಕಪ್ಪ. "ಈ ಕಡೆಯದು ಬಂಗಾಳ ಕೊಲ್ಲಿಗೆ, ಆ ಕಡೆಯದು ಅರಬ್ಬಿ ಸಮುದ್ರಕ್ಕೆ. ಎಷ್ಟು ಸಲ ಬಸ್ಸು ನಿಲ್ಲಿಸಿ ತೋರಿಸಿಲ್ಲ." ಆಮೇಲೆ ಒಂದು ಒಳ್ಳೆಯ ಆಕಾರದ ಕಲ್ಲು ಹುಡುಕಿ ತಂದು ಗಾಲಿಯ ಹಿಂದೆ ಇಟ್ಟರು. ಕ್ಯಾಂಪರ್‌ನೊಳಗೆ ಅದಕ್ಕೆಂದೇ ಕೊಂಡ ಹಳದಿ ಪ್ಲಾಸ್ಟಿಕ್ ಬೆಣೆಗಳಿವೆ ಎಂದು ತೋರಿಸಿದೆ. ಕೈಯಲ್ಲಿ ಹಿಡಿದು ತೂಗಿ ನೋಡಿ ಹಿಂದಕ್ಕೆ ಕೊಟ್ಟರು.

ಇಳಿಯುವ ಮುನ್ನ ಅವರು ಹೇಳಿದ್ದು ಒಂದೇ ಮಾತು: "ಹತ್ತಿದ ಗೇರಿನಲ್ಲೇ ಇಳಿ." ನನಗೆ ಗೊತ್ತಿತ್ತು, ಆದರೆ ಡೀಸೆಲ್ ಎಂಜಿನ್ ತಾನಾಗಿ ಗಾಡಿಯನ್ನು ತಡೆಯುವುದು ಪೆಟ್ರೋಲ್ ಎಂಜಿನ್‌ಗಿಂತ ಕಡಿಮೆ ಎಂಬುದೂ ಗೊತ್ತಿತ್ತು. ಎರಡನೇ ಗೇರಿನಲ್ಲೂ ವೇಗ ಏರುತ್ತಲೇ ಇತ್ತು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಮೂವತ್ತೈದಕ್ಕೆ ಇಳಿಸುವುದು, ಬಿಡುವುದು, ಐವತ್ತಕ್ಕೆ ಏರಿದಾಗ ಮತ್ತೆ ಒತ್ತುವುದು. ಬಲಗಡೆಯ ರಬ್ಬರ್ ಹಾಸು ಕೂಡ ಅದೇ ಲಯದಲ್ಲಿ ಒತ್ತಿಸಿಕೊಳ್ಳುತ್ತಿತ್ತು.

ಕೆಳಗೆ ಅಗಲವಾದ ಜಾಗ ಸಿಕ್ಕಾಗ ನಿಲ್ಲಿಸು ಎಂದರು. ಇಳಿದು ಆರೂ ಗಾಲಿಗಳ ಹಬ್‌ಗಳಿಗೆ ಒಂದೊಂದಾಗಿ ಅಂಗೈಯ ಬೆನ್ನನ್ನು ಹತ್ತಿರ ಹಿಡಿದರು. ಪಿಕಪ್ಪಿನ ನಾಲ್ಕೂ ಒಂದೇ ಬಿಸಿ. ಕ್ಯಾಂಪರ್‌ನ ಎಡಗಾಲಿಯ ಬಳಿ ಕೈ ಚಕ್ಕನೆ ಹಿಂದೆ ಬಂತು. "ಬ್ರೇಕ್ ಹಿಡಿದುಕೊಂಡಿದೆ." ಜಾಕ್ ಹಾಕಿ ತಿರುಗಿಸಿದರೆ ಗಾಲಿ ಉಜ್ಜುತ್ತಿತ್ತು. ಹಿಂಬದಿಯಲ್ಲಿ ಬ್ರೇಕಿನ ಬಿಗಿ ಹೊಂದಿಸುವ ಹಲ್ಲಿನ ಚಕ್ರವನ್ನು ಸ್ಕ್ರೂಡ್ರೈವರಿನಿಂದ ಆರೇಳು ಹಲ್ಲು ಸಡಿಲಿಸಿದ ಮೇಲೆ ಸರಾಗವಾಗಿ ತಿರುಗಿತು. ಕೈಯ ಬೆನ್ನೇ ಏಕೆ ಎಂದು ಕೇಳಿದೆ. "ಅಂಗೈ ಸುಟ್ಟರೆ ಸ್ಟೇರಿಂಗ್ ಹಿಡಿಯುವುದು ಹೇಗೆ?"

ಗನ್ನಿಸನ್‌ನಲ್ಲಿ ತರಕಾರಿ ಕೊಂಡು, ಬ್ಲೂ ಮೇಸಾ ಜಲಾಶಯದ ದಡದ ಎಲ್ಕ್ ಕ್ರೀಕ್ ಕ್ಯಾಂಪಿಗೆ ಬಂದಾಗ ನಾಲ್ಕು ಗಂಟೆ. ಕೊಲರಾಡೊದ ಅತಿದೊಡ್ಡ ಜಲಾಶಯ ಇದು. ಬೋಳು ಗುಡ್ಡಗಳ ನಡುವೆ ನೀಲಿ ನೀರು, ಒಂದೇ ಸಮನೆ ಗಾಳಿ. ಇಷ್ಟು ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟವರು ಬೆಳಗಿನವರೆಗೆ ಕಾಯಬೇಕು. ಕುಕ್ಕರ್ ತಂದಿದ್ದೆವು. ಐದು ಕೂಗು ಕೂಗಿಸಿದ್ದಕ್ಕೆ ಪಕ್ಕದ ಕ್ಯಾಂಪಿನಿಂದ ಒಬ್ಬ ಹಿರಿಯ ಮಹಿಳೆ ಏನು ಸದ್ದು ಎಂದು ನೋಡಲು ಬಂದರು. ಈ ಕಣಿವೆಯಲ್ಲೇ ದನ ಸಾಕುವವರು, ಮೀನು ಹಿಡಿಯಲು ಬಂದಿದ್ದರು. ಸಾರು ಕೊಟ್ಟೆವು. ಒಂದು ಗುಟುಕಿಗೆ ಕಣ್ಣಲ್ಲಿ ನೀರು ಬಂದರೂ ಲೋಟ ಖಾಲಿ ಮಾಡಿದರು. ಹೋಗಿ ಎರಡು ಕೊಕಾನಿ ಮೀನು ತಂದುಕೊಟ್ಟರು.

ಆ ರಾತ್ರಿ ಆದದ್ದು ಪೂರ್ತಿ ನನ್ನ ಪೆದ್ದುತನ. ಕ್ಯಾಂಪರ್‌ನ ಬ್ಯಾಟರಿ ಸೊರಗಿತ್ತು. ಪಿಕಪ್ಪಿನಿಂದ ತಂತಿ ಎಳೆದು ಚಾರ್ಜ್ ಮಾಡೋಣವೆಂದು ಬಾನೆಟ್ ತೆಗೆದೆ. ಚಿಕ್ಕಪ್ಪ ಟಾರ್ಚ್ ಹಿಡಿದಿದ್ದರು. "ಯಾವ ಬ್ಯಾಟರಿಗೆ ಕೊಡುತ್ತಿದ್ದೀಯ?" ಎಂದರು. "ಎರಡೂ ಹನ್ನೆರಡೇ ವೋಲ್ಟು ಚಿಕ್ಕಪ್ಪ" ಎಂದೆ. ಎರಡೂ ಹನ್ನೆರಡೇ, ನಿಜ. ಆದರೆ ಒಂದರ ತಲೆಗೆ ಇನ್ನೊಂದರ ಕಾಲು ಕಟ್ಟಿ ಇಪ್ಪತ್ತನಾಲ್ಕು ಮಾಡಿದ ಗಾಡಿ ಇದು. ದೀಪ, ಹಾರನ್ನು ಹನ್ನೆರಡರಲ್ಲಿ ಕೆಲಸ ಮಾಡುತ್ತವೆ; ಸೆಲ್ಫಿಗೆ ಮಾತ್ರ ಇಪ್ಪತ್ತನಾಲ್ಕು. ಗಾಡಿಯ ಲೋಹದ ಮೈಗೆ ನೇರ ಕೂಡಿದ ಬ್ಯಾಟರಿಯಿಂದ ತೆಗೆದುಕೊಂಡರೆ ಹನ್ನೆರಡು ಸಿಗುತ್ತದೆ. ನಾನು ತಂತಿ ಸಿಕ್ಕಿಸಿದ್ದು ಇನ್ನೊಂದಕ್ಕೆ. ಕ್ಯಾಂಪರ್‌ನ ಕಿಟಕಿಗಳು ಒಂದು ಕ್ಷಣ ಮದುವೆ ಮನೆಯಂತೆ ಬೆಳಗಿ ಕತ್ತಲಾದವು. ನಾಲ್ಕು ಬಲ್ಬು, ನೀರಿನ ಪಂಪು. "ನಮ್ಮ ಲೇಲ್ಯಾಂಡಿನಲ್ಲೂ ಇಪ್ಪತ್ತನಾಲ್ಕೇ ಇತ್ತು" ಎಂದಷ್ಟೇ ಹೇಳಿ ಟಾರ್ಚ್ ಆರಿಸಿದರು.

ಮೂರನೇ ದಿನ: ನಾರ್‌ವುಡ್‌ವರೆಗೆ

ಬೆಳಿಗ್ಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಕ್ಯಾಂಪರ್‌ನ ಒಳಗೋಡೆಯ ಮೇಲೆ ನಮ್ಮ ಉಸಿರೇ ಹೆಪ್ಪುಗಟ್ಟಿತ್ತು. ಚಾವಿ ತಿರುಗಿಸಿದರೆ ‘ಕಾಯಿರಿ’ ಎಂಬ ದೀಪ ಹೊತ್ತಿ, ಪ್ಲಗ್‌ಗಳು ಕಾದು, ದೀಪ ಆರಬೇಕು. ದೀಪ ಹೊತ್ತಿತು, ಆರಿತು. ಸೆಲ್ಫ್ ತಿರುಗಿತು. ಬಿಳಿ ಹೊಗೆ ಬಂತು, ಎಂಜಿನ್ ಹಿಡಿಯಲಿಲ್ಲ. ಮತ್ತೆ, ಮತ್ತೆ. ಫೇರ್‌ಪ್ಲೇಯ ಆ ಬೆರಳು ನೆನಪಾಯಿತು.

"ಇಳಿಜಾರಿದೆ. ತಳ್ಳಿ ಸ್ಟಾರ್ಟ್ ಮಾಡೋಣ" ಎಂದರು ಚಿಕ್ಕಪ್ಪ. ಆಟೊಮ್ಯಾಟಿಕ್ ಗೇರಿನ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ ಎಂದಾಗ ಅವರ ಮುಖದಲ್ಲಿ ಮೊದಲ ಬಾರಿಗೆ ಪಿಕಪ್ಪಿನ ಬಗ್ಗೆ ಅಸಮಾಧಾನ ಕಂಡಿತು. ಅವರ ಬಸ್ಸುಗಳಿಗೆ ಹೀಟರ್ ಪ್ಲಗ್ಗೇ ಇರಲಿಲ್ಲ. ಶಿರಾಡಿಯಲ್ಲಿ ಎಂಜಿನ್ ಹೆಪ್ಪುಗಟ್ಟುವ ಚಳಿಯೂ ಇರಲಿಲ್ಲ. ಸುಮ್ಮನೆ ಕೈಕಟ್ಟಿ ನಿಂತರು.

ಮೀನಿನ ಮಹಿಳೆ ಕಾಫಿ ಲೋಟದೊಂದಿಗೆ ಬಂದರು. "ನನ್ನ ಟ್ರಾಕ್ಟರೂ ಹೀಗೇ ಮಾಡುತ್ತದೆ" ಎಂದು, ನನ್ನಿಂದ ರಬ್ಬರ್ ಹಿಡಿಯ ಸ್ಕ್ರೂಡ್ರೈವರ್ ಇಸಿದುಕೊಂಡು, ಯಾವುದು ರಿಲೇ ಎಂದು ಕೇಳಿ, ಅದರ ಎರಡು ದೊಡ್ಡ ತಿರುಪುಗಳಿಗೆ ಅಡ್ಡ ಒತ್ತಿದರು. ಕಿಡಿ ಹಾರಿತು. ಅವರು ಕೈ ತೆಗೆಯದೆ ನಿಧಾನವಾಗಿ ಹತ್ತರವರೆಗೆ ಎಣಿಸಿದರು. "ಈಗ ತಿರುಗಿಸಿ." ಎಂಟೂ ಸಿಲಿಂಡರುಗಳು ಒಂದೊಂದಾಗಿ ಎದ್ದವು. ಇಡೀ ಕ್ಯಾಂಪ್ ಬಿಳಿ ಹೊಗೆಯಲ್ಲಿ ಮುಳುಗಿತು. ಯಾರೂ ಬೈಯಲಿಲ್ಲ, ಬಹುಶಃ ನಾವು ಕಾಣಿಸಲಿಲ್ಲ. ಚಿಕ್ಕಪ್ಪ ಆಕೆಗೆ ಕೈಮುಗಿದರು. ಆಕೆ ಸ್ಕ್ರೂಡ್ರೈವರ್ ಹಿಡಿದ ಕೈಯನ್ನೇ ಮುಗಿದರು.

ಮಾಂಟ್ರೋಸ್‌ನ ಬಿಡಿಭಾಗದ ಅಂಗಡಿಯಲ್ಲಿ ಸೇನೆಯ ರಿಲೇ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಹಳೆಯ ಫೋರ್ಡ್ ಗಾಡಿಗಳ ಸೆಲ್ಫ್ ರಿಲೇ ಇದಕ್ಕೆ ಸರಿಯಾಗಿ ಹೊಂದುತ್ತದೆ. ಈ ಪಿಕಪ್ಪು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಅದನ್ನೇ ಹಾಕಿಸುತ್ತಾರೆ. ಎರಡು ಕೊಂಡೆ. ಬಲ್ಬುಗಳನ್ನೂ ಕೊಂಡೆ. ಪಂಪು ಸಿಗಲಿಲ್ಲ, ಉಳಿದ ದಿನ ಕ್ಯಾನಿನಿಂದ ಚೊಂಬಿನಲ್ಲಿ ನೀರು.

ರಿಡ್ಜ್‌ವೇಯಲ್ಲಿ ಮೀನಿಗೆ ಮೆಣಸಿನಪುಡಿ, ಉಪ್ಪು, ನಿಂಬೆರಸ ಹಚ್ಚಿ ಕಾವಲಿಯ ಮೇಲೆ ಹುರಿದು ಉಂಡೆವು. ಅಲ್ಲಿಂದ ಡಲ್ಲಾಸ್ ಡಿವೈಡ್ ಹತ್ತುವಾಗ ಆಸ್ಪೆನ್ ಮರಗಳು ಹಳದಿಗೆ ತಿರುಗಿ, ಹಿಂದೆ ಸ್ನೆಫೆಲ್ಸ್ ಶಿಖರದ ಮೇಲೆ ಹೊಸ ಹಿಮ. ಜನ ಕಾರು ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದರು. ನಮಗೆ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಗಂಟೆಗೆ ನಲವತ್ತರಲ್ಲಿ ಎಲೆ ಎಲೆಯೂ ಕಾಣುತ್ತದೆ. ಒಂದು ಇಡೀ ತೋಪು ಒಂದೇ ಬೇರಿನಿಂದ ಎದ್ದದ್ದಾಗಿರಬಹುದು ಎಂದು ಹೇಳಿದಾಗ ಚಿಕ್ಕಪ್ಪ ಬಹಳ ಹೊತ್ತು ನೋಡಿದರು. "ಬಾಳೆಯ ಹಾಗೆ" ಎಂದರು.

ನಾರ್‌ವುಡ್ ಒಂದು ಮೇಸಾದ, ಅಂದರೆ ಚಪ್ಪಟೆ ನೆತ್ತಿಯ ಗುಡ್ಡದ ಮೇಲೆ ಕುಳಿತ ಪುಟ್ಟ ಊರು. 2019ರಲ್ಲಿ ಅದಕ್ಕೆ ‘ಕತ್ತಲ ಆಕಾಶದ ಊರು’ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ರಾತ್ರಿ ಬಲ್ಬು ಬದಲಿಸಿದವನೇ ಮತ್ತೆ ಆರಿಸಿದೆ. ಆಕಾಶಗಂಗೆ ಬೆಟ್ಟದಿಂದ ಬೆಟ್ಟಕ್ಕೆ ಹರಡಿತ್ತು. ಚಿಕ್ಕಪ್ಪ ಗುಂಡ್ಯದ ರಾತ್ರಿಗಳ ಬಗ್ಗೆ ಮಾತಾಡಿದರು: ಘಾಟಿಯಲ್ಲಿ ಲಾರಿ ಮಗುಚಿ ದಾರಿ ಕಟ್ಟಿದಾಗ ಪ್ರಯಾಣಿಕರೆಲ್ಲ ಇಳಿದು ರಸ್ತೆಯ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದದ್ದು, ಒಬ್ಬ ಬಸುರಿಗೆ ಅಲ್ಲೇ ನೋವು ಶುರುವಾಗಿ ಹಿಮ್ಮುಖವಾಗಿ ಮೂರು ಕಿಲೋಮೀಟರ್ ಬಸ್ಸು ತಂದದ್ದು. ಈ ಕಥೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾಲ್ಕನೇ ದಿನ: ಪ್ಯಾರಡಾಕ್ಸ್ ಕಣಿವೆ, ಮೋಆಬ್

ನಟುರೀಟಾದಲ್ಲಿ ಟ್ಯಾಂಕ್ ತುಂಬಿಸಿದೆವು. ಮುಂದೆ ಗಡಿ ದಾಟುವವರೆಗೆ ಬಂಕನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ನಮ್ಮ ಟ್ಯಾಂಕು 75 ಲೀಟರಿನದು, ಕ್ಯಾಂಪರ್ ಕಟ್ಟಿದರೆ ಮುನ್ನೂರೈವತ್ತು ಕಿಲೋಮೀಟರಿಗೆ ಮುಗಿಯುತ್ತದೆ.

90ನೇ ರಸ್ತೆ ಪ್ಯಾರಡಾಕ್ಸ್ ಕಣಿವೆಗೆ ಇಳಿಯುತ್ತದೆ. ಹೆಸರಿಗೆ ಕಾರಣವಿದೆ. ಕಣಿವೆಯನ್ನು ಕೊರೆದ ನದಿ ಅದರ ಉದ್ದಕ್ಕೆ ಹರಿಯಬೇಕು. ಇಲ್ಲಿ ಡೊಲೊರೆಸ್ ನದಿ ಒಂದು ಗೋಡೆಯಿಂದ ಹೊರಬಂದು, ಕಣಿವೆಯನ್ನು ಅಡ್ಡ ದಾಟಿ, ಎದುರು ಗೋಡೆಯೊಳಗೆ ಹೋಗುತ್ತದೆ. ಕಣಿವೆಯನ್ನು ಮಾಡಿದ್ದು ನದಿಯಲ್ಲ, ನೆಲದಡಿಯ ಉಪ್ಪು. ಅದು ಕರಗಿ ಮೇಲಿನ ಬಂಡೆ ಕುಸಿದು ಇಷ್ಟು ದೊಡ್ಡ ತೊಟ್ಟಿಯಾಗಿದೆ. ಎರಡೂ ಕಡೆ ಕೆಂಪು ಗೋಡೆ, ನಡುವೆ ಹಸಿರು ಕುದುರೆ ಮಸಾಲೆಯ ಹೊಲ. ಒಂದು ಕಾಲದಲ್ಲಿ ಈ ಪ್ರದೇಶದ ಗಣಿಗಳಿಂದ ಯುರೇನಿಯಂ ಹೋಗುತ್ತಿತ್ತು. ಆ ಗಣಿಗಾರಿಕೆಗಾಗಿಯೇ ಹುಟ್ಟಿದ ಯುರವನ್ ಎಂಬ ಊರನ್ನು ವಿಕಿರಣದ ಕಾರಣ ಆಮೇಲೆ ಪೂರ್ತಿ ಕೆಡವಿದರು. ದಾರಿಯಲ್ಲಿ ಒಂದೂವರೆ ಗಂಟೆಯಲ್ಲಿ ಎದುರಾದದ್ದು ಮೂರು ಗಾಡಿ. ಮೂವರೂ ಸ್ಟೇರಿಂಗ್ ಮೇಲಿನ ಒಂದು ಬೆರಳೆತ್ತಿ ವಂದಿಸಿದರು. ಮೂರನೆಯವರಿಗೆ ಚಿಕ್ಕಪ್ಪನೂ ಅದೇ ರೀತಿ ಬೆರಳೆತ್ತಿದರು.

ಬಿಸಿಲು ಮೂವತ್ತು ದಾಟಿತ್ತು. ಕಣಿವೆಯಿಂದ ಹೊರಗೆ ಹತ್ತುವಾಗ ಮತ್ತೆ ಹೀಟರ್, ಮತ್ತೆ ತೆರೆದ ಗಾಜು. ಯೂಟಾ ಗಡಿ, ಲಾ ಸಾಲ್ ಬೆಟ್ಟಗಳ ಬುಡ, ಆಮೇಲೆ ಒಂದೇ ಸಮನೆ ಇಳಿಜಾರು ಮೋಆಬ್‌ಗೆ. ಪೇಟೆಯಲ್ಲಿ ನಿಲ್ಲದೆ 128ನೇ ರಸ್ತೆಯಲ್ಲಿ ಕೊಲರಾಡೊ ನದಿಯ ದಡಕ್ಕೆ ಹೋದೆವು. ಅಲ್ಲಿನ ಸರ್ಕಾರಿ ಕ್ಯಾಂಪುಗಳಲ್ಲಿ ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಜಾಗ. ಕುಡಿಯುವ ನೀರೂ ಇಲ್ಲ. ಎರಡು ಕ್ಯಾಂಪು ತುಂಬಿದ್ದವು. ಮೂರನೆಯದರಲ್ಲಿ ಒಂದೇ ಜಾಗ, ಎರಡು ಮರಗಳ ನಡುವೆ.

ದಾರಿಯಲ್ಲಿ ಒಪ್ಪಂದ ಮಾಡಿಕೊಂಡಿದ್ದೆವು. ನಾನು ಸ್ಟೇರಿಂಗಿನ ಕೆಳತುದಿ ಹಿಡಿಯುವುದು. ಕೈ ಯಾವ ಕಡೆ ಹೋಗುತ್ತದೆಯೋ ಕ್ಯಾಂಪರ್‌ನ ಹಿಂಭಾಗವೂ ಅದೇ ಕಡೆ ಹೋಗುತ್ತದೆ. ಅವರು ‘ರೈಟ್’ ಎನ್ನಬಾರದು. ‘ನದಿ ಕಡೆ’, ‘ಬೆಟ್ಟದ ಕಡೆ’ ಎನ್ನಬೇಕು. ಹಾಗೆಯೇ ಮಾಡಿದೆವು. ನದಿ ಕಡೆ, ನದಿ ಕಡೆ, ಸ್ವಲ್ಪ ಬೆಟ್ಟ, ಹೋಲ್ಡಾನ್. ಎರಡೂ ಮರಗಳಿಗೆ ಒಂದೊಂದು ಗೇಣು ಬಿಟ್ಟು ನಿಂತಿತು. ಚಿಕ್ಕಪ್ಪ ಮೊನಾರ್ಕಿನ ಕಲ್ಲನ್ನು ಪಿಕಪ್ಪಿನಿಂದ ಎತ್ತಿ ತಂದು ಗಾಲಿಗೆ ಕೊಟ್ಟರು.

ಸಂಜೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಅವರು ಆ ಪುಟ್ಟ ಪುಸ್ತಕ ಹಿಡಿದು ಮೈಲಿಯನ್ನು ಕಿಲೋಮೀಟರಿಗೆ, ಗ್ಯಾಲನ್ನನ್ನು ಲೀಟರಿಗೆ ತಿರುಗಿಸುತ್ತಾ ಕುಳಿತಿದ್ದರು. ಮೂರು ಸಲ ಕೂಡಿ ಕಳೆದು ಕೊನೆಗೆ ತಲೆಯೆತ್ತಿದರು.

"ಲೀಟರಿಗೆ ನಾಲ್ಕೂ ಮುಕ್ಕಾಲು. ಐವತ್ತೈದು ಜನರನ್ನು ಕೂರಿಸಿಕೊಂಡು ನಾನು ಘಾಟಿಯಲ್ಲಿ ಇದಕ್ಕಿಂತ ಚೆನ್ನಾಗಿ ತರುತ್ತಿದ್ದೆ. ನಮ್ಮ ಡಿಪೋದಲ್ಲಾಗಿದ್ದರೆ ನಿನಗೆ ನಾಳೆ ಬೆಳಿಗ್ಗೆ ಮೆಮೊ ಬರುತ್ತಿತ್ತು."